ನೆರೆಯ ದ್ವೀಪಗಳೂ ನಮ್ಮ ಕಾಲ್ಚೆಂಡೂ

(ಮಧುರವಾಡದಲ್ಲಿ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಮುಂಚಿನ ಈ ಸಭೆಯಲ್ಲಿ ಬಲ್ಲವರು ಸಾಹಿತ್ಯದ ಬಗ್ಗೆ, ಏಕೀಕರಣದ ಬಗ್ಗೆ, ದಾಸರ ಪದಗಳ ಬಗ್ಗೆ ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮ್ಮನ್ನು ಹಿಡಿದರು. "ನಮಗೇನು ಗೊತ್ತು ಸ್ವಾಮಿ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು ನಾವು" ಎಂದೆವು. "ಗೊತ್ತಿರುವುದನ್ನೇ ಹೇಳಿ, ಅರ್ಧ ಗಂಟೆಯಲ್ಲಿ ಮುಗಿಸಿ" ಎಂದು ಅಪ್ಪಣೆಯಾಯಿತು. ನಮಗೆ ಲೆಕ್ಕ ಬಿಟ್ಟರೆ ಗೊತ್ತಿರುವುದು ಕಾಲ್ಚೆಂಡು ಒಂದೇ. ಆಡಿ ಬಲ್ಲೆವೆಂದಲ್ಲ, ನೋಡಿ ಬಲ್ಲೆವು. ಆದ್ದರಿಂದ ನೆರೆಯ ದ್ವೀಪಗಳವರು ಆಡುವ ಕಾಲ್ಚೆಂಡಿನ ಬಗ್ಗೆ ನಾಲ್ಕು ಮಾತು ಅರಿಕೆ ಮಾಡುತ್ತೇವೆ.

ಕನ್ನಡದ ಹಬ್ಬಕ್ಕೂ ದ್ವೀಪದ ಆಟಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಅದು ನಮ್ಮ ಸಂಘದಲ್ಲೇ ಹುಟ್ಟಿದ್ದು.

ನಮ್ಮ ಸದಸ್ಯರೊಬ್ಬರ ಮಗ, ಹದಿನಾಲ್ಕು ವರುಷದ ಹುಡುಗ, ಈ ವರುಷ ಆಂಧ್ರದ ಶಾಲಾ ಬಾಲಕರ ತಂಡಕ್ಕೆ ಆಯ್ಕೆಯಾದ. ತಂದೆ ಉಡುಪಿ ಕಡೆಯವರು. ಊಟದ ಹೋಟೆಲಿನಲ್ಲಿ ದುಡಿಯುವವರು. ಹುಡುಗ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಆ ತಂಡ ಪರಸ್ಥಳಕ್ಕೆ ಹೋಗಿ ಕರ್ನಾಟಕದ ಹುಡುಗರೊಡನೆ ಆಡಿತು. ಕರ್ನಾಟಕಕ್ಕೆ ಮೂರು ಗೋಲು, ಆಂಧ್ರಕ್ಕೆ ಒಂದು. ಆ ಒಂದನ್ನು ಹೊಡೆದವನು ನಮ್ಮ ಹುಡುಗ. ಅವನಿಗೆ ರಾಜ್ಯೋತ್ಸವದ ದಿನ ಒಂದು ಶಾಲು ಹೊದಿಸಿ, ಒಂದು ಪುಸ್ತಕ ಕೊಡಬೇಕೆಂದು ಸಮಿತಿಯಲ್ಲಿ ಸೂಚನೆ ಬಂತು. ಹಿರಿಯರೊಬ್ಬರು ಎದ್ದು ನಿಂತು, "ಕರ್ನಾಟಕದ ಮೇಲೆ ಗೋಲು ಹೊಡೆದವನಿಗೆ ಕನ್ನಡದ ಹಬ್ಬದಲ್ಲಿ ಶಾಲೇ?" ಎಂದು ಕೇಳಿದರು. ಸಭೆ ನಕ್ಕಿತು, ನಗು ನಿಂತ ಮೇಲೆ ಯಾರೂ ಉತ್ತರ ಹೇಳಲಿಲ್ಲ. ಸೂಚನೆ ಮುಂದಿನ ಸಭೆಗೆ ಹೋಯಿತು.

ಆ ದಿನ ಉತ್ತರ ಹೇಳದೆ ಕುಳಿತವರಲ್ಲಿ ನಾವೂ ಒಬ್ಬರು. ಹೇಳದೆ ಕುಳಿತದ್ದಷ್ಟೇ ಅಲ್ಲ, ಮನಸ್ಸಿನಲ್ಲಿ ಆ ಹಿರಿಯರ ಮಾತು ಸರಿಯೆಂದೇ ಅಂದುಕೊಂಡೆವು. ಎರಡು ದಿನದ ಮೇಲೆ ಹೋಟೆಲಿನ ಬಾಗಿಲಲ್ಲಿ ಆ ಹುಡುಗ ಸಿಕ್ಕ. "ಮಾಮ, ನಾನು ಗೋಲು ಹೊಡೆದಾಗ ನೀವು ಅಲ್ಲಿ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಿರಾ?" ಎಂದು ಕೇಳಿದ. ನಾವು ಅವನ ಬೆನ್ನು ತಟ್ಟಿ, ಬ್ಯಾಂಕಿಗೆ ಹೊತ್ತಾಯಿತೆಂದು ಹೊರಟುಬಂದೆವು. ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಇಂದಿನ ಭಾಷಣ ಅದಕ್ಕೆ ಉತ್ತರ ಹುಡುಕುವ ಪ್ರಯತ್ನವಷ್ಟೆ.

ಮೊದಲು ಸಮುದ್ರದ ಕಡೆ ನೋಡೋಣ. ನಮ್ಮ ದೇಶಕ್ಕೆ ಹತ್ತಿರದ ದ್ವೀಪರಾಜ್ಯಗಳು ಎರಡು, ಲಂಕೆ ಮತ್ತು ಮಾಲ್ಡೀವ್ಸ್. ಇವೆರಡೂ ತಮ್ಮತಮ್ಮೊಳಗೂ ನೆರೆಯವು. ಮಾಲ್ಡೀವ್ಸಿನವರ ದಿವೇಹಿ ಭಾಷೆಗೆ ಲಂಕೆಯ ಸಿಂಹಳ ಒಡಹುಟ್ಟು. ಮಾಲ್ಡೀವ್ಸಿನ ಒಣಮೀನು ಬೀಳದಿದ್ದರೆ ಲಂಕೆಯ ಅಡಿಗೆಗೆ ರುಚಿಯಿಲ್ಲವಂತೆ. ಅದನ್ನು ಅವರು ಉಂಬಲಕಡ ಎನ್ನುತ್ತಾರೆ. ಹೀಗೆ ಭಾಷೆಯಲ್ಲಿ, ಅಡಿಗೆಯಲ್ಲಿ ಬೆರೆತ ಎರಡು ನಾಡುಗಳು ಬಯಲಿನಲ್ಲಿ ಎದುರುಬದರಾಗಿ ನಿಲ್ಲುತ್ತವೆ.

ಈ ನೆರೆಹೊರೆಯ ಆಟ ಹೊಸತಲ್ಲ. 1952ರಲ್ಲಿ ಕೊಲಂಬೊ ನಗರದಲ್ಲಿ ಭಾರತ, ಪಾಕಿಸ್ತಾನ, ಸಿಲೋನ್, ಬರ್ಮಾ ಎಂಬ ನಾಲ್ಕು ನೆರೆರಾಷ್ಟ್ರಗಳು ಸೇರಿ ಒಂದು ಪಂದ್ಯಾವಳಿ ಆರಂಭಿಸಿದವು. ಅದಕ್ಕೆ ಕೊಲಂಬೊ ಕಪ್ ಎಂದು ಹೆಸರಾಯಿತು. ಮೊದಲ ವರುಷ ಭಾರತವೂ ಪಾಕಿಸ್ತಾನವೂ ಕಪ್ಪನ್ನು ಹಂಚಿಕೊಂಡವು. ದೇಶ ಒಡೆದು ಐದು ವರುಷವಷ್ಟೇ ಆಗಿತ್ತು. ಗಡಿಯನ್ನು ಹಂಚಿಕೊಳ್ಳಲಾಗದೆ ರಕ್ತ ಹರಿಸಿದವರು ಒಂದು ಕಪ್ಪನ್ನು ಹಂಚಿಕೊಂಡರು. ಮುಂದೆ 1953ರಲ್ಲಿ ರಂಗೂನಿನಲ್ಲಿ, 1954ರಲ್ಲಿ ಕಲ್ಕತ್ತೆಯಲ್ಲಿ, 1955ರಲ್ಲಿ ಢಾಕಾದಲ್ಲಿ ಪಂದ್ಯಗಳು ನಡೆದು, ಮೂರು ಸಲವೂ ಭಾರತವೇ ಗೆದ್ದಿತು. ಆಮೇಲೆ ಅದು ನಿಂತುಹೋಯಿತು.

ಆ ಪದ್ಧತಿಗೆ ಮತ್ತೆ ಜೀವ ಬಂದದ್ದು 1993ರಲ್ಲಿ, ಲಾಹೋರಿನಲ್ಲಿ. ಇಂದು ನಾವು ಸ್ಯಾಫ್ ಚಾಂಪಿಯನ್‌ಷಿಪ್ ಎನ್ನುವ ದಕ್ಷಿಣ ಏಷ್ಯದ ಪಂದ್ಯಾವಳಿ ಆಗ ಸಾರ್ಕ್ ಗೋಲ್ಡ್ ಕಪ್ ಎಂಬ ಹೆಸರಿನಿಂದ ಹುಟ್ಟಿತು. 2023ರ ವರೆಗೆ ಅದು 14 ಸಲ ನಡೆದಿದೆ. ಭಾರತ 9 ಸಲ ಗೆದ್ದಿದೆ. ಗುಮಾಸ್ತರ ಕಣ್ಣು ಉಳಿದ ಐದರ ಮೇಲೆ ಬೀಳುವುದು ಸಹಜ. ಒಂದು ಬಾಂಗ್ಲಾದೇಶಕ್ಕೆ, ಒಂದು ಆಫ್ಘಾನಿಸ್ತಾನಕ್ಕೆ. ಮಿಕ್ಕ ಮೂರೂ ದ್ವೀಪಗಳಿಗೆ: 1995ರಲ್ಲಿ ಲಂಕೆ; 2008 ಮತ್ತು 2018ರಲ್ಲಿ ಮಾಲ್ಡೀವ್ಸ್. ಈ ಮೂರು ಸಲವೂ ಅಂತಿಮ ಪಂದ್ಯದಲ್ಲಿ ಸೋತವರು ಯಾರು? ನಾವೇ, ಭಾರತದವರು.

1995ರಲ್ಲಿ ಕೊಲಂಬೊದಲ್ಲಿ ಹೆಚ್ಚುವರಿ ಸಮಯದಲ್ಲಿ ಬಿದ್ದ ಒಂದೇ ಗೋಲಿನಿಂದ ಲಂಕೆ ಗೆದ್ದಿತು. 2008ರ ಪಂದ್ಯಾವಳಿಯನ್ನು ಮಾಲ್ಡೀವ್ಸೂ ಲಂಕೆಯೂ ಕೂಡಿ ನಡೆಸಿದವು. ಒಂದು ಗುಂಪು ಮಾಲೆಯಲ್ಲಿ ಆಡಿತು, ಇನ್ನೊಂದು ಕೊಲಂಬೊದಲ್ಲಿ. ಕೊಲಂಬೊದ ಅಂತಿಮ ಪಂದ್ಯದಲ್ಲಿ ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಮುಖ್ತಾರ್ ನಸೀರ್ ಎಂಬಾತ ಹೊಡೆದ ಗೋಲು ನಮ್ಮ ಬಲೆಗೆ ಬಿತ್ತು. ಮಾಲ್ಡೀವ್ಸಿಗೆ ಅದು ಮೊದಲ ಪ್ರಶಸ್ತಿ.

2018ರ ಕಥೆ ಇನ್ನೂ ಸ್ವಾರಸ್ಯವಾದದ್ದು. ಢಾಕಾದಲ್ಲಿ ಭಾರತ, ಲಂಕೆ, ಮಾಲ್ಡೀವ್ಸ್ ಮೂರೂ ಒಂದೇ ಗುಂಪಿನಲ್ಲಿದ್ದವು. ಭಾರತ ಎರಡು ದ್ವೀಪಗಳನ್ನೂ 2–0 ಅಂತರದಿಂದ ಸೋಲಿಸಿತು. ದ್ವೀಪಗಳೆರಡರ ನಡುವಣ ಆಟದಲ್ಲಿ ಗೋಲೇ ಇಲ್ಲ. ಎಂದರೆ ಇಬ್ಬರಿಗೂ ಒಂದೊಂದು ಅಂಕ, ಇಬ್ಬರೂ ಹೊಡೆದ ಗೋಲು ಸೊನ್ನೆ, ತಿಂದದ್ದು ಎರಡೆರಡು. ತಾಳೆಪಟ್ಟಿಯ ಎರಡು ಬದಿಗಳೂ ಇಷ್ಟು ಅಚ್ಚುಕಟ್ಟಾಗಿ ಸರಿಹೊಂದಿದ್ದನ್ನು ನಾವು ಬ್ಯಾಂಕಿನಲ್ಲಿಯೂ ಕಂಡಿಲ್ಲ. ಕೊನೆಗೆ ನಾಣ್ಯ ಚಿಮ್ಮಿ ನಿರ್ಧರಿಸಬೇಕಾಯಿತು. ನಾಣ್ಯ ಮಾಲ್ಡೀವ್ಸಿನ ಕಡೆ ಬಿತ್ತು. ಲಂಕೆಯ ಹುಡುಗರು ಮನೆಗೆ ಹೊರಟರು. ಒಂದು ಗೋಲನ್ನೂ ಹೊಡೆಯದೆ ಮುಂದೆ ಬಂದ ಮಾಲ್ಡೀವ್ಸ್ ಆಮೇಲೆ ನೇಪಾಳವನ್ನು 3–0, ಅಂತಿಮ ಪಂದ್ಯದಲ್ಲಿ ಭಾರತವನ್ನು 2–1 ಸೋಲಿಸಿ ಕಪ್ಪನ್ನು ಹೊತ್ತುಕೊಂಡು ಹೋಯಿತು. ನಾವು ಆ ಸಲ ಹೆಚ್ಚಾಗಿ 23 ವರುಷದೊಳಗಿನ ಹುಡುಗರನ್ನು ಕಳಿಸಿದ್ದೆವು ಎಂಬುದು ನಿಜ. ಆದರೆ ಅವರ ದೇಶದ ಜನಸಂಖ್ಯೆ ಎಷ್ಟು ಬಲ್ಲಿರಾ? ಐದು ಲಕ್ಷದ ಆಸುಪಾಸು. ಈ ವಿಶಾಖಪಟ್ಟಣವೊಂದರ ಮೂರನೆಯ ಒಂದು ಪಾಲಿಗಿಂತಲೂ ಕಡಮೆ. ನಮ್ಮದು 140 ಕೋಟಿ. ನಮ್ಮ ಸುಮಾರು 2,800 ಮಂದಿಗೆ ಅವರದು ಒಂದು ತಲೆ.

ಇದು ಹೇಗೆ ಸಾಧ್ಯವಾಯಿತು? ಅದೃಷ್ಟವೊಂದೇ ಎನ್ನುವುದು ಸುಲಭ. ಆದರೆ ಅದೃಷ್ಟ ಎರಡೆರಡು ಸಲ ಅಂತಿಮ ಪಂದ್ಯ ಗೆದ್ದುಕೊಡುವುದಿಲ್ಲ. ಮಾಲ್ಡೀವ್ಸಿನಲ್ಲಿ ಸುಮಾರು 1,190 ದ್ವೀಪಗಳು. ಜನ ವಾಸಿಸುವಂಥವು ಇನ್ನೂರರ ಹತ್ತಿರ. ರಾಜಧಾನಿ ಮಾಲೆಯ ಮೂಲ ದ್ವೀಪದ ವಿಸ್ತಾರ ಎರಡು ಚದರ ಕಿಲೋಮೀಟರಿನಷ್ಟು. ಕ್ರಿಕೆಟ್ಟಿಗೆ ಬೇಕಾದಷ್ಟು ಬಯಲು ಬಿಡಲು ನೆಲವೇ ಇಲ್ಲ. ಚೆಂಡೊಂದಿದ್ದರೆ ಸಾಕು, ನಾಲ್ಕು ಮನೆಗಳ ನಡುವಣ ಜಾಗದಲ್ಲಿಯೂ ಕಾಲ್ಚೆಂಡು ಆಡಬಹುದು. ಆಡುವವರು ಕೆಲವರೇ ಆದ್ದರಿಂದ ಅವರು ಎಳವೆಯಿಂದ ಒಟ್ಟಿಗೆ ಆಡಿ, ಒಬ್ಬನ ಕಾಲು ಎತ್ತ ತಿರುಗುವುದೆಂದು ಇನ್ನೊಬ್ಬ ಬಲ್ಲವನಾಗಿರುತ್ತಾನೆ. ಅಲಿ ಅಷ್ಫಾಕ್ ಎಂಬ ಆಟಗಾರನನ್ನೇ ನೋಡಿ. 2008ರಲ್ಲಿ ಗೆದ್ದ ತಂಡದಲ್ಲಿ ಆತ ಇದ್ದ. 2013ರಲ್ಲಿ ಲಂಕೆಯನ್ನು 10–0 ಸೋಲಿಸಿದಾಗ ಅವುಗಳಲ್ಲಿ ಆರು ಗೋಲು ಅವನೊಬ್ಬನವು. 2021ರಲ್ಲಿ ಮಾಲೆಯಲ್ಲಿ ನಮ್ಮ ಮೇಲೂ ಒಂದು ಹೊಡೆದ. ದೊಡ್ಡ ದೇಶದಲ್ಲಿ ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆಂಬ ಧೈರ್ಯ. ಪುಟ್ಟ ನಾಡಿನಲ್ಲಿ ಆ ಧೈರ್ಯಕ್ಕೆ ಎಡೆಯಿಲ್ಲ. ಇರುವ ಒಬ್ಬನನ್ನೇ ಕಾಪಾಡಿಕೊಳ್ಳಬೇಕು. ಈ ಮಾತನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮತ್ತೆ ಇಲ್ಲಿಗೇ ಬರುತ್ತೇವೆ.

ಈಗ ನಮ್ಮ ನಾಡಿಗೆ ಬರೋಣ. ಕನ್ನಡನಾಡಿನಲ್ಲಿ ಕಾಲ್ಚೆಂಡೆಂದರೆ ಬೆಂಗಳೂರು. ಬೆಂಗಳೂರಿನಲ್ಲಿ ಕಾಲ್ಚೆಂಡೆಂದರೆ ದಂಡು ಪ್ರದೇಶ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಬಳಿಯ ಗೌತಮಪುರ ಇವೆಲ್ಲ ಆಟಗಾರರ ತವರು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಮೂರ್ತಿಗಳ ಸಾಲಿನಲ್ಲೇ ಬ್ರೆಜಿಲಿನ ಪೆಲೆಯ ಮೂರ್ತಿಯನ್ನೂ ನಿಲ್ಲಿಸಿದ್ದಾರೆ. ಬಾಂಬೆಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ಅದು 1937ರಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಿನಲ್ಲಿ ಫ್ರಾನ್ಸಿನ ಎದುರು ಆಡಿ 2–1ರಿಂದ ಸೋತರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಬಂದ ಆ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಬಡಿದುಹಾಕಿತು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಎರಡು ಒಲಿಂಪಿಕ್ಸ್, ಎರಡೇ ಗೋಲು, ಎರಡೂ ಬೆಂಗಳೂರಿನವು.

ಆ ದಂಡಿನ ಕೇರಿಗಳಲ್ಲಿ ಮನೆಯ ಮಾತು ಎಷ್ಟೋ ಕಡೆ ತಮಿಳು. ಕೆಲವು ಕಡೆ ಉರ್ದು, ಕೆಲವು ಕಡೆ ತೆಲುಗು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ನಾಲ್ಕು ಸಲ: 1946–47, 1952–53, 1967–68, 1968–69. ನಾಲ್ಕು ಸಲವೂ ಸೋಲಿಸಿದ್ದು ಬಂಗಾಳವನ್ನು. ಆ ದಿನಗಳಲ್ಲಿ ಬಂಗಾಳವನ್ನು ಸೋಲಿಸುವುದೆಂದರೆ ಮಲ್ಲರ ಮನೆಗೆ ಹೋಗಿ ಕುಸ್ತಿ ಗೆದ್ದು ಬಂದ ಹಾಗೆ. ಮೈಸೂರಿನ ಅಂಗಿ ತೊಟ್ಟು ಗೆದ್ದ ಆ ಹುಡುಗರನ್ನು "ನಿಮ್ಮ ಮನೆಯಲ್ಲಿ ಏನು ಮಾತನಾಡುತ್ತೀರಿ?" ಎಂದು ಕೇಳಿ ಯಾರಾದರೂ ಶಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದರೆ ಹೇಗಿರುತ್ತಿತ್ತು?

ಇನ್ನೊಂದು ಸಂಗತಿ. 1950ರ ಸುಮಾರಿನಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ಐವರು ಇದ್ದರು. ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆದರು. ಅಹಮದ್ ಖಾನ್, ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೆ. ಐವರೂ ದಕ್ಷಿಣದವರು, ಬಂಗಾಳದವರು ಒಬ್ಬರೂ ಅಲ್ಲ. ಅಪ್ಪಾರಾಯರು ಇಲ್ಲಿಯವರೇ, ನಮ್ಮ ಈ ಕರಾವಳಿಯ ಕಾಕಿನಾಡದವರು. ಸಾಲೆ ಕೇರಳದವರು. ಕಾಕಿನಾಡದ ತೆಲುಗರು ಕೊಟ್ಟ ಚೆಂಡನ್ನು ಬೆಂಗಳೂರಿನ ಖಾನರು ಒಯ್ದು ಬಲೆಗೆ ಸೇರಿಸಿದಾಗ ಕಲ್ಕತ್ತೆಯ ಮೈದಾನ ಎದ್ದು ನಿಲ್ಲುತ್ತಿತ್ತು. 1949, 1950, 1951 ಈ ಮೂರು ವರುಷ ಸತತವಾಗಿ ಐ.ಎಫ್.ಎ. ಷೀಲ್ಡ್ ಅವರ ತಂಡದ್ದಾಯಿತು. ಅವರು ತವರಿಗೆ ದ್ರೋಹ ಬಗೆದರೆಂದು ಬೆಂಗಳೂರಿನಲ್ಲಾಗಲಿ ಕಾಕಿನಾಡದಲ್ಲಾಗಲಿ ಯಾರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಎರಡೂ ಊರುಗಳಲ್ಲಿ ಇಂದಿಗೂ ಅವರ ಹೆಸರನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ಇನ್ನು ಹೊಸ ಕಾಲಕ್ಕೆ ಬಂದರೆ, 2023 ಕನ್ನಡಿಗರ ಕಾಲ್ಚೆಂಡಿಗೆ ಬಲು ಒಳ್ಳೆಯ ವರುಷ. ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಿಂದಿನ ನಾಲ್ಕೂ ಗೆಲವು ಮೈಸೂರಿನ ಹೆಸರಿನವು. ಹೀಗೆ "ಕರ್ನಾಟಕ" ಎಂಬ ಹೆಸರು ಆ ಗೆದ್ದವರ ಪಟ್ಟಿಗೆ ಸೇರಲು ಐವತ್ತು ವರುಷ ಹಿಡಿಯಿತು. ಅಷ್ಟಾಗಿ ಅದು ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ. ಸೌದಿ ಅರೇಬಿಯದ ರಿಯಾದಿನಲ್ಲಿ! ಪರದೇಶದ ಮರಳಿನಲ್ಲಿ ನಾಡಿನ ಹೆಸರು ಮೊದಲು ಮೊಳಗಿತು. ಪರಸ್ಥಳದ ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷ ಸಂತೋಷ.

ಅದೇ ವರುಷ ಜೂನ್ 21ರಿಂದ ಜುಲೈ 4ರ ವರೆಗೆ ಸ್ಯಾಫ್ ಪಂದ್ಯಾವಳಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂತು. ಲಂಕೆಯ ಸಂಸ್ಥೆಯನ್ನು ಫಿಫಾ ಅಮಾನತಿನಲ್ಲಿಟ್ಟಿದ್ದರಿಂದ ಆ ದ್ವೀಪದವರು ಬರಲಾಗಲಿಲ್ಲ. ಮಾಲ್ಡೀವ್ಸಿನವರು ಬಂದು, ಭೂತಾನವನ್ನು ಗೆದ್ದು, ಬಾಂಗ್ಲಾದೇಶಕ್ಕೂ ಲೆಬನಾನಿಗೂ ಸೋತು ಹಿಂತಿರುಗಿದರು. ಪಾಕಿಸ್ತಾನದವರು ಇನ್ನೊಂದು ದ್ವೀಪವಾದ ಮಾರಿಷಸ್ಸಿನಲ್ಲಿ ಆಡುತ್ತಿದ್ದವರು, ವೀಸಾ ತಡವಾಗಿ ಸಿಕ್ಕು, ಆಟದ ದಿನವೇ ಬೆಂಗಳೂರಿಗೆ ಬಂದಿಳಿದು ಅಂದೇ ಬಯಲಿಗಿಳಿದರು, 4–0ಯಿಂದ ಸೋತರು. ಅಂತಿಮ ಪಂದ್ಯದಲ್ಲಿ ಭಾರತವೂ ಕುವೈತೂ 1–1 ಸಮನಾಗಿ, ಪೆನಾಲ್ಟಿಯಲ್ಲಿ 5–4ರಿಂದ ಭಾರತ ಗೆದ್ದಿತು. ಕೊನೆಯ ಹೊಡೆತವನ್ನು ಗುರ್‌ಪ್ರೀತ್ ಸಿಂಗ್ ತಡೆದರು. ತಾಯ್ನಾಡು ಪಂಜಾಬು, ಆಡುವುದು ಬೆಂಗಳೂರಿನ ಕ್ಲಬ್ಬಿಗೆ. ನಾಯಕ ಸುನೀಲ್ ಛೇತ್ರಿಯವರೂ ಕನ್ನಡ ಮಾತೃಭಾಷೆಯವರಲ್ಲ. ಆದರೂ ಬೆಂಗಳೂರು ಅವರನ್ನು ತನ್ನವರೆಂದೇ ಎತ್ತಿಕೊಂಡಿತು.

ಮಾರಿಷಸ್ಸಿನ ಮಾತು ಬಂದುದರಿಂದ ಒಂದು ಮಾತು. ಆ ದ್ವೀಪದಲ್ಲಿ ತೆಲುಗರು ಇಂದಿಗೂ ಇದ್ದಾರೆ. ಹಿಂದೆ ಈ ಕರಾವಳಿಯಿಂದ, ಕಾಕಿನಾಡದ ಬಳಿಯ ಕೋರಂಗಿ ಮೊದಲಾದ ರೇವುಗಳಿಂದ ಹಡಗೇರಿ ಕಬ್ಬಿನ ತೋಟಗಳಿಗೆ ಹೋದವರ ಸಂತತಿ ಅದು. 1979ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಆರಂಭವಾದ ಹಿಂದೂ ಮಹಾಸಾಗರದ ದ್ವೀಪಗಳ ಕ್ರೀಡಾಕೂಟದಲ್ಲಿ ಮಾರಿಷಸ್, ಸೇಷೆಲ್ಸ್, ಮಡಗಾಸ್ಕರ್ ಮುಂತಾದ ನೆರೆದ್ವೀಪಗಳು ಕಾಲ್ಚೆಂಡಿನಲ್ಲಿ ಸೆಣಸುತ್ತವೆ. ಆ ಮಾರಿಷಸ್ಸಿನ ತೆಲುಗರ ಹುಡುಗ ಮಾರಿಷಸ್ಸಿನ ಅಂಗಿ ತೊಟ್ಟು ಬಯಲಿಗಿಳಿದರೆ, ಅವನಿಗೆ ಯುಗಾದಿಯ ದಿನ ಒಬ್ಬಟ್ಟು ಬಡಿಸಬಾರದೆಂದು ಇಲ್ಲಿಯ ತೆಲುಗರು ಹೇಳುವರೇ? ಹೇಳಲಾರರು.

ಸಭಿಕರೇ, ಈಗ ನಮ್ಮ ಹುಡುಗನ ಬಳಿಗೆ ಬರುತ್ತೇವೆ. ಅವನು ಅಭ್ಯಾಸ ಮಾಡಿದ್ದು ಈ ಮಧುರವಾಡದ ಸುತ್ತಮುತ್ತ. ಇಲ್ಲಿ ಪೋತಿನಮಲ್ಲಯ್ಯಪಾಲೆಂನಲ್ಲಿ ಭಾರಿ ಕ್ರಿಕೆಟ್ ಕ್ರೀಡಾಂಗಣವಿದೆ. 2005ರಲ್ಲಿ ಧೋನಿ ಅಲ್ಲಿ ಪಾಕಿಸ್ತಾನದ ಮೇಲೆ 148 ಹೊಡೆದ ಮೇಲೆ ಇಲ್ಲಿಯ ಹುಡುಗರಿಗೆಲ್ಲ ಕ್ರಿಕೆಟ್ಟೇ ದೇವರು. ಅದರ ನಡುವೆ ಕಾಲ್ಚೆಂಡು ಹಿಡಿದವನಿಗೆ ಜೊತೆ ಸಿಗುವುದೇ ಕಷ್ಟ. ಅವನಿಗೆ ಜೊತೆ ಕೊಟ್ಟವರು ತೆಲುಗರ ಮಕ್ಕಳು. ಬೂಟು ಹರಿದಾಗ ಕೊಡಿಸಿದವರು ಅವನ ಶಾಲೆಯ ತೆಲುಗು ಮೇಷ್ಟರು. ನಮ್ಮ ಸಂಘ ಅವನಿಗೆ ಕೊಟ್ಟದ್ದೇನು? ವರುಷಕ್ಕೊಂದು ಸಲ ಉಪ್ಪಿಟ್ಟು, ಕೇಸರೀಬಾತು. ನಾವು ಕೊಡದ ಅಂಗಿಯನ್ನು ಅವನು ತೊಡಲಿಲ್ಲವೆಂದು ಕೋಪಿಸಿಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು?

ಆಕ್ಷೇಪಣೆ ಎತ್ತಿದ ಹಿರಿಯರ ಭಾವನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅವರ ಭಯ ನಮಗೂ ಅರ್ಥವಾಗುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಇಂದು ಅಂಗಿ, ನಾಳೆ ಮಾತು, ನಾಡಿದ್ದು ಮನೆ. ನಮ್ಮ ಮನೆಯ ಮಕ್ಕಳೇ ನಮ್ಮೊಡನೆ ಕನ್ನಡ, ತಮ್ಮತಮ್ಮಲ್ಲಿ ತೆಲುಗು ಆಡುತ್ತಾರೆ. ಆದರೆ ಶಾಲನ್ನು ತಡೆಹಿಡಿದರೆ ಈ ಭಯ ನೀಗುವುದೇ? ತಡೆಹಿಡಿದ ದಿನವೇ ಅವನು ನಿಜವಾಗಿ ಕೈಬಿಟ್ಟು ಹೋಗುತ್ತಾನೆ. ಈ ಮಹಾನಗರದ ಸಮುದ್ರದಲ್ಲಿ ನಮ್ಮ ಸಂಘ ಒಂದು ಪುಟ್ಟ ದ್ವೀಪ. ಪುಟ್ಟ ನಾಡು ಇರುವ ಒಬ್ಬನನ್ನೂ ಕಳೆದುಕೊಳ್ಳಬಾರದು ಎಂದು ಆಗಲೇ ಅರಿಕೆ ಮಾಡಿದೆವಲ್ಲ.

ತಮಗೆಲ್ಲ ಗೊತ್ತಿರುವ ಇನ್ನೊಂದು ಸಂಗತಿಯನ್ನು ನೆನಪಿಸಿ ಮುಗಿಸುತ್ತೇವೆ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ದಿನ, ಅದೇ ಕಾಯಿದೆಯಿಂದ ಆಂಧ್ರ ಪ್ರದೇಶವೂ ರೂಪುಗೊಂಡಿತು. ಒಂದೇ ಬೆಳಗಿನಲ್ಲಿ ಹುಟ್ಟಿದ ಎರಡು ಮಕ್ಕಳು ಬಯಲಿನಲ್ಲಿ ಆಡಿದರೆ ಒಬ್ಬ ಗೆಲ್ಲಬೇಕು, ಒಬ್ಬ ಸೋಲಬೇಕು; ಸಂಜೆ ಇಬ್ಬರೂ ಊಟಕ್ಕೆ ಬರಬೇಕು.

ಈ ಸಭೆ ಮುಗಿದ ಮೇಲೆ ಸಮಿತಿ ಮತ್ತೆ ಸೇರಲಿದೆ. ಹಿಂದಿನ ಸಭೆಯಲ್ಲಿ ನಾವು ಬಾಯಿ ಮುಚ್ಚಿ ಕುಳಿತದ್ದು ತಪ್ಪಾಯಿತು. ಇಂದು ನಮ್ಮ ಕೈ ಶಾಲಿನ ಪರವಾಗಿ ಏಳುತ್ತದೆ. ಸಾಧ್ಯವಾದರೆ ಶಾಲಿನೊಡನೆ ಒಂದು ಜೊತೆ ಬೂಟನ್ನೂ ಕೊಡೋಣ. ಅದರ ಖರ್ಚಿಗೆ ನಮ್ಮ ಹೆಸರಿನಲ್ಲಿ ಐನೂರು ರೂಪಾಯಿ ಬರೆದುಕೊಳ್ಳಿರೆಂದು ಖಜಾಂಚಿಗಳನ್ನು ಕೋರುತ್ತೇವೆ.

ಆ ಹುಡುಗ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಕುಳಿತಿದ್ದಾನೆ. ಮಗು, ಅಂದು ನೀನು ಕೇಳಿದ್ದಕ್ಕೆ ಉತ್ತರ ಹೇಳದೆ ಓಡಿಬಂದೆವು. ಇಂದು ಹೇಳುತ್ತೇವೆ, ಕೇಳು. ಕರ್ನಾಟಕ ಹೊಡೆದ ಮೂರಕ್ಕೂ ಚಪ್ಪಾಳೆ ತಟ್ಟುತ್ತಿದ್ದೆವು. ನಿನ್ನ ಒಂದಕ್ಕೆ ಎದ್ದು ನಿಂತು ತಟ್ಟುತ್ತಿದ್ದೆವು.

 ಸಿರಿಗನ್ನಡಂ ಗೆಲ್ಗೆ.